ಜೋಗಕ್ಕೆ ಸೈಕಲ್ಲಲ್ಲಿ: ಮನೆಮಂದಿಯೆಲ್ಲ ಹೊರಟರೆ ಯಾವ ದಾರಿ ಹಿಡಿಯಬೇಕು?

ಜೋಗಕ್ಕೆ ಸೈಕಲ್ಲಲ್ಲಿ ಹೋಗುವುದು ಅಂಥ ದೊಡ್ಡ ಮಾತಲ್ಲ. ಕಷ್ಟ ಇರುವುದೆಲ್ಲ ವಾಪಸ್ ಬರುವಾಗ. ಬೆಳಿಗ್ಗೆ ಏಳಕ್ಕೆ ಗಂಟೆ ಬಾರಿಸುತ್ತಾ ಹೊರಟ ಮಗು, ಮಧ್ಯಾಹ್ನ ಮೂರಕ್ಕೆ ರಸ್ತೆ ಪಕ್ಕದ ಮೈಲಿಗಲ್ಲಿನ ಮೇಲೆ ಕೂತು "ನಾನು ಬರಲ್ಲ, ನೀವು ಹೋಗಿ" ಅಂದರೆ ಏನು ಮಾಡುತ್ತೀರಿ? ನಮಗೆ ಆಗಿದ್ದು ಅದೇ. ಹಾಗಾಗಿ ಇಲ್ಲಿ ಎಲ್ಲ ದಾರಿಯನ್ನೂ ನಾನು ಒಂದೇ ಕೋಲಿನಲ್ಲಿ ಅಳೆದಿದ್ದೇನೆ: ಮೂರು ಗಂಟೆ ಹೊತ್ತಿಗೆ ಮನೆಯ ಅತಿ ಚಿಕ್ಕ ಸೈಕಲ್ಲು ಎಲ್ಲಿರುತ್ತದೆ, ಅದರ ಮೇಲಿರುವವರ ಮುಖ ಹೇಗಿರುತ್ತದೆ?

ನಾವು ಅಂದರೆ ನಾನು, ನಮ್ಮೆಜಮಾನರು, ಹದಿಮೂರರ ಮಗಳು, ಒಂಬತ್ತರ ಮಗ. ಮನೆ ಶಿವಮೊಗ್ಗದಲ್ಲಿ. ನನ್ನ ತವರು ಸಾಗರ. ಅಲ್ಲಿ ಅಮ್ಮ ಇದ್ದಾರೆ, ತಮ್ಮ ಇದ್ದಾನೆ, ತಮ್ಮನ ಹಳೇ ಓಮ್ನಿ ಇದೆ. ಈ ಓಮ್ನಿ ಮುಂದೆ ಆಗಾಗ ಬರುತ್ತದೆ, ನೆನಪಿಟ್ಟುಕೊಳ್ಳಿ. ಎರಡು ವರ್ಷದಲ್ಲಿ ನಾಲ್ಕು ಸಲ ಜೋಗಕ್ಕೆ ಸೈಕಲ್ ತಗೊಂಡು ಹೋಗಿದ್ದೇವೆ, ನಾಲ್ಕು ಸಲವೂ ಬೇರೆ ಬೇರೆ ರೀತಿ. ಅಕ್ಕಪಕ್ಕದವರು ಕೇಳುತ್ತಲೇ ಇರುತ್ತಾರೆ, ಹೆಂಗೆ ಹೋದ್ರಿ, ಎಲ್ಲಿಂದ ಹೋದ್ರಿ ಅಂತ. ಎಲ್ಲರಿಗೂ ಹೇಳಿ ಹೇಳಿ ಸಾಕಾಗಿ ಬರೆದೇ ಬಿಡೋಣ ಅಂತ ಕೂತೆ.

ಎರಡು ದಾರಿ ಈಗಲೇ ಬಿಟ್ಟುಬಿಡಿ

ಶಿವಮೊಗ್ಗದಿಂದ ನೇರ ಜೋಗಕ್ಕೆ ಸುಮಾರು 100 ಕಿಲೋಮೀಟರ್. ಹುಡುಗರು ಗುಂಪು ಕಟ್ಟಿಕೊಂಡು ನಸುಕಿಗೆ ಹೊರಟು ಹೋಗುತ್ತಾರೆ, ನೋಡಿದ್ದೇನೆ. ಅವರ ಕಾಲು ಬೇರೆ, ನಮ್ಮ ಕಾಲು ಬೇರೆ. ದಾರಿಯುದ್ದಕ್ಕೂ ಹೆದ್ದಾರಿ, ಲಾರಿ, ಹಾರ್ನ್ ಒತ್ತಿಕೊಂಡೇ ಬರುವ ಬಸ್ಸು. ಮಕ್ಕಳನ್ನು ಕಟ್ಟಿಕೊಂಡು ಬೇಡ.

ಹೊನ್ನಾವರ ಕಡೆಯಿಂದ ಬರುವವರಿಗೂ ಇದೇ ಮಾತು. ಗೇರುಸೊಪ್ಪೆಯಿಂದ ಮಾವಿನಗುಂಡಿಗೆ ಹತ್ತುವುದು ಘಾಟಿ. ಕಾರಲ್ಲಿ ಕೂತೇ ವಾಂತಿ ಮಾಡಿಕೊಳ್ಳುವ ತಿರುವುಗಳು. ಕರಾವಳಿಯವರು ಘಾಟಿಯನ್ನು ಗಾಡಿಯಲ್ಲಿ ಹತ್ತಿ, ಮೇಲೆ ಬಂದ ಮೇಲೆ ಸೈಕಲ್ ಇಳಿಸಿಕೊಳ್ಳಿ.

ಉಳಿದದ್ದು ನಾಲ್ಕು. ಸಾಗರದಿಂದ, ತಾಳಗುಪ್ಪದಿಂದ, ಸಿದ್ದಾಪುರದಿಂದ. ಇಲ್ಲವೇ ಸೈಕಲ್ಲನ್ನು ಕಾರಿಗೆ ಹೇರಿಕೊಂಡು ಜೋಗಕ್ಕೇ ಹೋಗಿ, ಅಲ್ಲಿ ಸುತ್ತಾಡುವುದು.

ಸಾಗರದಿಂದ: ಹೋಗುವುದಾದರೆ ಒಂದು ಕಡೆ ಮಾತ್ರ

ಸುಮಾರು 30 ಕಿಲೋಮೀಟರ್. ಅರ್ಧ ದಾರಿಗೆ ತಾಳಗುಪ್ಪ ಸಿಗುತ್ತದೆ, ಅಲ್ಲಿಯವರೆಗೂ ಹೆದ್ದಾರಿ. ನಾವು ಮೊದಲ ಸಲ ಹೋಗಿದ್ದು ಹೀಗೆ. ತವರಿನಿಂದಲೇ ಹೊರಡುವುದಲ್ವಾ, ಸುಲಭ ಅನ್ನಿಸಿತು. "ಜೋಗಕ್ಕೆ ಸೈಕಲ್ಲಲ್ಲಾ? ತಲೆ ನೆಟ್ಟಗಿದೆಯೇನೇ?" ಅಂತ ಅಮ್ಮ ಕೇಳಿದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋಗುವಾಗ ನಿಜಕ್ಕೂ ಚೆನ್ನಾಗಿತ್ತು. ಸೆಪ್ಟೆಂಬರ್ ತಿಂಗಳು, ಗದ್ದೆಯೆಲ್ಲ ಹಸಿರು, ಅಡಿಕೆ ತೋಟದಿಂದ ತಣ್ಣನೆ ಗಾಳಿ. ಒಂಬತ್ತೂವರೆಗೆ ತಾಳಗುಪ್ಪದಲ್ಲಿ ಇಡ್ಲಿ ತಿಂದೆವು. ಹನ್ನೆರಡರ ಹತ್ತಿರ ಜೋಗ ಮುಟ್ಟಿದೆವು. ಜಲಪಾತ ನೋಡಿ, ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು, ಎರಡು ಗಂಟೆಗೆ ವಾಪಸ್ ಹೊರಟೆವು. ಮೂರಕ್ಕೆ ಮಗ ಮೈಲಿಗಲ್ಲಿನ ಮೇಲೆ ಕೂತ. ಬೈದರೂ ಏಳಲಿಲ್ಲ, ಚಾಕಲೇಟ್ ಕೊಟ್ಟರೂ ಏಳಲಿಲ್ಲ. ಕಡೆಗೆ ತಮ್ಮನಿಗೆ ಫೋನ್ ಮಾಡಿದೆ. "ನಾನು ಆಗ್ಲೇ ಹೊರಟಿದೀನಿ ಅಕ್ಕ, ಅಮ್ಮ ಎರಡು ಗಂಟೆಗೇ ಕಳಿಸಿದ್ರು" ಅಂದ.

ರಾತ್ರಿ ನಮ್ಮೆಜಮಾನರು ಒಂದು ಲೆಕ್ಕ ಮಾಡಿ ತೋರಿಸಿದರು. ಮಗನದು 20 ಇಂಚಿನ ಗಾಲಿ. ಅದು ಒಂದು ಸುತ್ತು ತಿರುಗಿದರೆ 1.6 ಮೀಟರ್ ಮುಂದೆ ಹೋಗುತ್ತದೆ. ನಮ್ಮದು 26 ಇಂಚು, ಒಂದು ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಂದರೆ 30 ಕಿಲೋಮೀಟರಿಗೆ ನಮ್ಮ ಗಾಲಿ ಹದಿನಾಲ್ಕೂವರೆ ಸಾವಿರ ಸುತ್ತು ತಿರುಗಿದರೆ ಅವನದು ಹೆಚ್ಚುಕಮ್ಮಿ ಹತ್ತೊಂಬತ್ತು ಸಾವಿರ. ಅದೂ ಗೇರಿಲ್ಲದ ಸೈಕಲ್ಲು. ಪಾಪ, ಕೂತಿದ್ದರಲ್ಲಿ ತಪ್ಪೇನಿದೆ?

ಸಾಗರ–ತಾಳಗುಪ್ಪ ಭಾಗದಲ್ಲಿ ನನಗೆ ಇಷ್ಟವಾಗದ್ದು ದೂರ ಅಲ್ಲ, ವಾಹನ. ಜೋಗಕ್ಕೆ ಹೋಗುವ ಟೆಂಪೋ ಟ್ರಾವೆಲರುಗಳೆಲ್ಲ ಇದೇ ದಾರಿಯಲ್ಲಿ ಬರುತ್ತವೆ. ಬೆಳಿಗ್ಗೆ ಎಂಟರ ಒಳಗೆ ಪರವಾಗಿಲ್ಲ. ಹತ್ತರ ಮೇಲೆ, ಅದೂ ಭಾನುವಾರ, ಮಕ್ಕಳನ್ನು ಎಡಕ್ಕೆ ಎಡಕ್ಕೆ ಅಂತ ಕೂಗಿ ಕೂಗಿ ಗಂಟಲು ಕಟ್ಟುತ್ತದೆ.

ಮಕ್ಕಳು ಹೈಸ್ಕೂಲಿಗೆ ಬಂದಿದ್ದರೆ, ಗೇರ್ ಸೈಕಲ್ ಇದ್ದರೆ, ವಾಪಸ್ ಬರುವುದಕ್ಕೆ ಗಾಡಿ ಗೊತ್ತಾಗಿದ್ದರೆ ಸಾಗರದಿಂದ ಹೊರಡಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ.

ಶಿವಮೊಗ್ಗದವರಿಗೆ ಒಂದು ಅಂದಾಜು ಹೇಳುತ್ತೇನೆ. ಸಕ್ರೆಬೈಲು ಆನೆ ಬಿಡಾರ ಊರಿನಿಂದ ಸುಮಾರು 14 ಕಿಲೋಮೀಟರ್. ಬೆಳಿಗ್ಗೆ ಆನೆಗೆ ಸ್ನಾನ ಮಾಡಿಸುವ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಸೈಕಲ್ಲಲ್ಲಿ ಹೋಗಿ ಬನ್ನಿ. ಹೋದದ್ದಷ್ಟೇ ಲೆಕ್ಕ ಹಾಕಿದರೆ ಅದು ತಾಳಗುಪ್ಪ–ಜೋಗ. ಹೋಗಿ ಬಂದದ್ದು ಸಾಗರ–ಜೋಗ. ಬಂದವರು ಮನೆಯಲ್ಲಿ ಚಪ್ಪಲಿ ಬಿಟ್ಟ ಕೂಡಲೇ ಮಲಗಿದರೋ ಅಥವಾ ಮತ್ತೆ ಆಡುವುದಕ್ಕೆ ಓಡಿದರೋ ನೋಡಿ. ಉತ್ತರ ಅಲ್ಲೇ ಸಿಗುತ್ತದೆ.

ತಾಳಗುಪ್ಪದಿಂದ: ನನ್ನ ಓಟು ಇದಕ್ಕೆ

ತಾಳಗುಪ್ಪಕ್ಕೆ ರೈಲಿದೆ, ಅದೇ ದೊಡ್ಡ ಅನುಕೂಲ. ಈ ಹಳಿ ತಾಳಗುಪ್ಪಕ್ಕೇ ಮುಗಿಯುತ್ತದೆ, ಮುಂದೆ ರೈಲಿಲ್ಲ. ನನ್ನ ಚಿಕ್ಕಂದಿನಲ್ಲಿ ಇಲ್ಲಿ ಮೀಟರ್ ಗೇಜಿನ ಹಳಿ ಮೇಲೆ ರೈಲ್‌ಬಸ್ ಓಡುತ್ತಿತ್ತು, ಬಸ್ಸಿಗೇ ರೈಲಿನ ಗಾಲಿ ಹಾಕಿದ ಹಾಗೆ. ಈಗ ಬ್ರಾಡ್ ಗೇಜ್ ಆಗಿದೆ, ಮೈಸೂರು, ಬೆಂಗಳೂರಿನಿಂದ ರಾತ್ರಿ ಹತ್ತಿದವರು ಬೆಳಿಗ್ಗೆ ಇಲ್ಲಿ ಇಳಿಯಬಹುದು.

ಸೈಕಲ್ಲನ್ನು ರೈಲಿನಲ್ಲಿ ತರುವುದಾದರೆ ಬೋಗಿಯೊಳಗೆ ಬಿಡುವುದಿಲ್ಲ, ಲಗೇಜ್ ವ್ಯಾನಿಗೆ ಬುಕ್ ಮಾಡಬೇಕು. ಹೊರಡುವ ದಿನ ಹೋಗಿ ಗಡಿಬಿಡಿ ಮಾಡಬೇಡಿ. ಹಿಂದಿನ ದಿನವೇ ಪಾರ್ಸೆಲ್ ಕಚೇರಿಗೆ ಹೋಗಿ ಆಗುತ್ತದಾ, ಎಷ್ಟು ಹೊತ್ತಿಗೆ ತರಬೇಕು ಅಂತ ಕೇಳಿಕೊಳ್ಳಿ. ಹೆಸರು, ಊರು ಬರೆದ ರಟ್ಟು ಸೈಕಲ್ಲಿಗೆ ಕಟ್ಟಿ. ಗಂಟೆ, ಲೈಟು, ಬಾಟಲಿ ಬಿಚ್ಚಿ ನಿಮ್ಮ ಚೀಲಕ್ಕೆ ಹಾಕಿಕೊಳ್ಳಿ. ಕೊನೇ ಸ್ಟೇಷನ್ ಆದ್ದರಿಂದ ಒಂದು ನೆಮ್ಮದಿ: ಇಳಿಸಿಕೊಳ್ಳುವ ಮುಂಚೆ ರೈಲು ಹೊರಟುಬಿಡುತ್ತದೆ ಅನ್ನುವ ಭಯ ಇಲ್ಲ. ನಾವು ಅಷ್ಟು ದೂರದವರಲ್ಲ. ನಾಲ್ಕು ಸೈಕಲ್ಲು ಒಂದು ಲಗೇಜ್ ಆಟೋದಲ್ಲಿ ಸಾಗರದಿಂದ ಬಂದವು, ನಾವು ಮಾತ್ರ ಸಾಗರ ಜಂಬಗಾರು ಸ್ಟೇಷನ್ನಿನಿಂದ ರೈಲು ಹತ್ತಿದೆವು. ಮಕ್ಕಳಿಗೆ ರೈಲು ಬೇಕಿತ್ತು, ಅಷ್ಟೇ ಕಾರಣ.

ತಾಳಗುಪ್ಪದಿಂದ ಜೋಗ ಸುಮಾರು 15 ಕಿಲೋಮೀಟರ್. ಘಾಟಿ ಅಲ್ಲ, ಆದರೆ ಮಟ್ಟಸವೂ ಅಲ್ಲ. ಒಂದು ಚಡಾವು, ಒಂದು ಇಳಿಜಾರು, ಮತ್ತೆ ಒಂದು ಚಡಾವು. ಎಂಟು ವರ್ಷದ ಮಗು ಇದ್ದರೆ ಗಂಟೆಗೆ ಎಂಟು ಕಿಲೋಮೀಟರ್ ಹಿಡಿಯಿರಿ. ಚಡಾವಿನಲ್ಲಿ ಇಳಿದು ತಳ್ಳುವುದಕ್ಕೆ ನಾಚಿಕೆ ಬೇಡ. ತಳ್ಳುವಾಗಲೇ ಮಾತು ಜಾಸ್ತಿ ಆಗುವುದು. ಮಗಳು ಶಾಲೆಯಲ್ಲಿ ಯಾರ ಜೊತೆ ಜಗಳ ಅಂತ ನನಗೆ ಗೊತ್ತಾಗಿದ್ದು ಅಂಥ ಒಂದು ಚಡಾವಿನಲ್ಲಿ.

ಅವತ್ತು ಊರು ಬಿಡುವ ಮುಂಚೆಯೇ ಮಗಳ ಸೈಕಲ್ ಹಿಂದಿನ ಗಾಲಿ ಕೂತಿತು. ಪಂಪ್ ಇತ್ತು, ಸಲ್ಯೂಷನ್ ಇತ್ತು, ಪ್ಯಾಚ್ ಇತ್ತು. ನಮ್ಮೆಜಮಾನರು ತೋಳು ಮಡಿಚಿ ಕೂತು, ಟ್ಯೂಬ್ ಹೊರಗೆಳೆದು, ಪ್ಯಾಚ್ ಅಂಟಿಸಿಯೂ ಆಯಿತು. ಆಮೇಲೆ ಪಂಪಿನ ಬಾಯಿ ವಾಲ್ವಿಗೆ ಕೂರಲೇ ಇಲ್ಲ. ನಮ್ಮದು ಹಳೇ ಕಾಲದ ಪಂಪು, ಒಳಗೆ ರಬ್ಬರಿನ ವಾಲ್ವ್ ಟ್ಯೂಬ್ ಇರುವ ಸಾದಾ ಸೈಕಲ್ಲಿಗೆ ಆಗುವಂಥದ್ದು. ಮಗಳದು ಗೇರ್ ಸೈಕಲ್ಲು. ಹತ್ತಿರದ ಬೈಕ್ ಪಂಕ್ಚರ್ ಅಂಗಡಿಗೆ ಉರುಳಿಸಿಕೊಂಡು ಹೋದೆ. ಅಂಗಡಿಯವರು ವಾಲ್ವ್ ನೋಡಿದ ಕೂಡಲೇ ನಕ್ಕರು. "ಇದು ಬೈಕ್ ವಾಲ್ವು ಅಲ್ವಾ ಅಕ್ಕ, ನಿಮ್ ಪಂಪು ಎಲ್ಲಿ ಹಿಡಿಯುತ್ತೆ?" ಒಂದೇ ನಿಮಿಷದಲ್ಲಿ ಗಾಳಿ ತುಂಬಿ ಕಳಿಸಿದರು, ದುಡ್ಡು ಕೊಡಲು ಹೋದರೆ ಬೇಡ ಅಂದರು. ಹೊರಡುವ ಮುಂಚೆ ಮನೆಯಲ್ಲೇ ಒಂದು ಸಲ ಎಲ್ಲ ಸೈಕಲ್ಲಿಗೂ ನಿಮ್ಮ ಪಂಪ್ ಹಾಕಿ ನೋಡಿ. ಬೈಕ್ ವಾಲ್ವಿನ ಒಂದು ಗುಣ ಅಂದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಆದರೆ ಕಾಡಿನ ಮಧ್ಯೆ ಬಂಕ್ ಎಲ್ಲಿಂದ ಬರಬೇಕು?

ಈ ದಾರಿಯಲ್ಲಿ ಸೈಕಲ್ಲಿಗೆ ಮಾತ್ರ ಸಿಗುವ ಸುಖ ಒಂದಿದೆ. ಕಾರಲ್ಲಿ ಹೋದರೆ ಜೋಗ ಮೊದಲು ಕಣ್ಣಿಗೆ ಬೀಳುತ್ತದೆ. ಸೈಕಲ್ಲಲ್ಲಿ ಇಂಜಿನ್ ಸದ್ದು ಇಲ್ಲವಲ್ಲ, ಮೊದಲು ಕಿವಿಗೆ ಬೀಳುತ್ತದೆ. ಮಗ ಬ್ರೇಕ್ ಹಿಡಿದು ನಿಂತು, "ಅಮ್ಮ, ಹಿಂದೆ ಲಾರಿ ಬರ್ತಿದೆ, ಸೈಡಿಗೆ ಬಾ" ಅಂದ. ಹಿಂದೆ ಲಾರಿ ಇರಲಿಲ್ಲ.

ವಾಪಸ್ ಬರುವುದಕ್ಕೆ ಮೂರು ಉಪಾಯ. ಮಕ್ಕಳಲ್ಲಿ ಕಸುವಿದ್ದರೆ ಅದೇ 15 ಕಿಲೋಮೀಟರ್ ತುಳಿಯುವುದು. ಇಲ್ಲದಿದ್ದರೆ ಬೆಳಿಗ್ಗೆ ಸೈಕಲ್ ತಂದ ಲಗೇಜ್ ಆಟೋದವರಿಗೇ ಮಧ್ಯಾಹ್ನ ಜೋಗಕ್ಕೆ ಬರಲು ಹೇಳಿ, ನೀವು ಬಸ್ ಹತ್ತುವುದು. ಸಾಗರಕ್ಕೆ ಬಸ್ಸಿಗೆ ಬರವಿಲ್ಲ. ಮೂರನೆಯದು ಸೈಕಲ್ಲನ್ನೇ ಬಸ್ಸಿಗೆ ಹಾಕುವುದು. ಹಿಂದೆಲ್ಲ ಬಸ್ಸಿಗೆ ಹಿಂದುಗಡೆ ಏಣಿ ಇರುತ್ತಿತ್ತು, ಟಾಪ್ ಮೇಲೆ ಹಲಸಿನ ಹಣ್ಣು, ಬಾಳೆಗೊನೆ, ಸೈಕಲ್ಲು ಎಲ್ಲ ಹೋಗುತ್ತಿತ್ತು. ಈಗ ಏಣಿ ಇರುವ ಬಸ್ಸು ಕಮ್ಮಿ. ಕಂಡಕ್ಟರ್ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಸೈಕಲ್ಲಾದರೆ ಕೇಳಿ ನೋಡಬಹುದು. ನಾಲ್ಕು ಸೈಕಲ್ ತೋರಿಸಿದರೆ ಯಾವ ಕಂಡಕ್ಟರೂ ಡಬಲ್ ವಿಷಲ್ ಊದಿಬಿಡುತ್ತಾರೆ.

ನಾವು ಎರಡನೆಯದನ್ನು ಮಾಡಿದೆವು. ಮೂರು ಗಂಟೆಗೆ ಮಗ ಬಸ್ಸಿನ ಕಿಟಕಿ ಪಕ್ಕ ಬಾಯಿ ಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದ.

ಸಿದ್ದಾಪುರದಿಂದ

ಶಿರಸಿ, ಸಿದ್ದಾಪುರ ಕಡೆ ನೆಂಟರಿದ್ದರೆ ಮಾತ್ರ ಇದನ್ನು ಯೋಚಿಸಿ. ದೂರ ಇಪ್ಪತ್ತು ಕಿಲೋಮೀಟರ್ ಆಸುಪಾಸು. ತಾಳಗುಪ್ಪಕ್ಕಿಂತ ಉದ್ದ, ಸಾಗರಕ್ಕಿಂತ ಗಿಡ್ಡ. ನಾವು ಹೋದ ದಿನ ವಾಹನ ಕಮ್ಮಿ ಇತ್ತು, ನೆರಳು ಜಾಸ್ತಿ. ಆದರೆ ನಡುವೆ ಏನಾದರೂ ಆದರೆ ಕೇಳುವವರೂ ಕಮ್ಮಿ. ಮೊಬೈಲ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ನಾದಿನಿಯ ಮನೆಯಿಂದ ನಾವು ಹೊರಟದ್ದು ತಡವಾಯಿತು, ಯಾಕೆಂದರೆ ಅವರು ತೊಡೆದೇವು ತಿನ್ನಿಸದೆ ಕಳಿಸಲಿಲ್ಲ, ಅದಾದ ಮೇಲೆ ಒಂದೊಂದು ಲೋಟ ಅಪ್ಪೆಹುಳಿ ಬೇರೆ. ಹೊಟ್ಟೆ ತುಂಬಿದ ಮೇಲೆ ಚಡಾವು ಹತ್ತುವುದು ಬೇರೆಯದೇ ಶಿಕ್ಷೆ. ಸಂಜೆ ಮತ್ತೆ ಅವರ ಮನೆಗೇ ಹೋಗಿ ಉಳಿಯುವಂತಿದ್ದರೆ ಚೆನ್ನ. ಶಿವಮೊಗ್ಗಕ್ಕೆ ಅದೇ ದಿನ ಮರಳಬೇಕಾದವರಿಗೆ ಇದು ಸುತ್ತು ದಾರಿ.

ಕಾರಲ್ಲಿ ಸೈಕಲ್ ಹೇರಿಕೊಂಡು ಹೋಗುವುದು

ಇದನ್ನು ಮೋಸ ಅಂದುಕೊಂಡಿದ್ದೆ. ಈಗ ಹಾಗನ್ನುವುದಿಲ್ಲ. ಮನೆಯಲ್ಲಿ ಆರೇಳು ವರ್ಷದ ಮಗುವೋ ಮಂಡಿನೋವಿನ ಅಜ್ಜಿಯೋ ಇದ್ದರೆ ಎಲ್ಲರಿಗೂ ಒಂದು ದಿನ ಸಿಗುವುದು ಹೀಗೆ ಮಾತ್ರ. ಓಮ್ನಿಯ ಹಿಂದಿನ ಸೀಟು ಮಡಿಚಿ ಎರಡು ಚಿಕ್ಕ ಸೈಕಲ್ ಒಳಗೆ, ಎರಡು ದೊಡ್ಡದು ಕ್ಯಾರಿಯರ್ ಮೇಲೆ. ಹಳೇ ಸೀರೆ ಹರಿದು ಹ್ಯಾಂಡಲ್ಲಿಗೆ ಸುತ್ತಿ, ಹಗ್ಗ ಬಿಗಿದು ಹೊರಟೆವು. ಅಮ್ಮ ಮುಂದಿನ ಸೀಟಿನಲ್ಲಿ, ಎಲೆಅಡಿಕೆ ಚೀಲ ಮಡಿಲಲ್ಲಿ. ನಾವು ನಾಲ್ವರು ಬಸ್ಸಿನಲ್ಲಿ.

ಜೋಗಕ್ಕೆ ಹೋಗಿ ಸೈಕಲ್ಲಲ್ಲಿ ಏನು ನೋಡುವುದು ಅಂತ ಕೇಳಬಹುದು. ಹೊಳೆಯ ಆಚೆ ದಡ. ಎಲ್ಲರೂ ಕಾರ್ ನಿಲ್ಲಿಸಿ, ಎದುರಿನಿಂದ ಫೋಟೋ ಹೊಡೆದು, ಜೋಳ ತಿಂದು ಹೋಗಿಬಿಡುತ್ತಾರೆ. ಸೈಕಲ್ ಇದ್ದರೆ ಶರಾವತಿ ಸೇತುವೆ ದಾಟಿ ಆಚೆಗೆ ಹೋಗಬಹುದು. ಸೇತುವೆಯ ಈಚೆ ಶಿವಮೊಗ್ಗ ಜಿಲ್ಲೆ, ಆಚೆ ಉತ್ತರ ಕನ್ನಡ. ಮಗ ಅಲ್ಲಿ ಮೂರು ಸಲ ಹೋಗಿ ಬಂದು, "ನಾನು ಮೂರು ಸಲ ಜಿಲ್ಲೆ ದಾಟಿದೆ" ಅಂತ ಶಾಲೆಯಲ್ಲೆಲ್ಲ ಹೇಳಿಕೊಂಡ. 1956ಕ್ಕೆ ಮುಂಚೆ ಆಚೆ ದಡ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿರುವ ಹಳೇ ಬಂಗಲೆಯನ್ನು ಜನ ಬಾಂಬೆ ಬಂಗಲೆ ಅನ್ನುವುದು ಅದಕ್ಕೇ. ಅಲ್ಲಿಂದ ಜಲಪಾತದ ನೆತ್ತಿ ಹತ್ತಿರ. ಈಚೆಯಿಂದ ನೋಡಿದರೆ ನೀರು ಬೀಳುವುದು ಕಾಣುತ್ತದೆ, ಆಚೆ ಹೋದರೆ ಅದು ಎಲ್ಲಿಂದ ಜಾರುತ್ತದೆ ಅನ್ನುವುದು ಗೊತ್ತಾಗುತ್ತದೆ. ಮಕ್ಕಳ ಕೈ ಬಿಡಬೇಡಿ, ಬೇಲಿ ದಾಟಬೇಡಿ. ಒದ್ದೆ ಬಂಡೆಯ ಮೇಲೆ ಸೆಲ್ಫಿಗೆ ಹೋಗಿ ಜೀವ ಕಳೆದುಕೊಂಡವರಿದ್ದಾರೆ.

ಇನ್ನೂ ಕಸುವಿದ್ದರೆ ಕಾರ್ಗಲ್ ಕಡೆ ಒಂದು ಸುತ್ತು ಹೊಡೆಯಬಹುದು. ಸುಸ್ತಾದರೆ ಅಲ್ಲಿಂದಲೇ ತಿರುಗಿ, ಓಮ್ನಿ ಹತ್ತಿರವೇ ಇರುತ್ತದೆ. ಮೂರು ಗಂಟೆಯ ಪರೀಕ್ಷೆಯಲ್ಲಿ ಇದಕ್ಕೆ ನೂರಕ್ಕೆ ನೂರು. ಕಮ್ಮಿ ಆಗುವುದು ಒಂದೇ: ತುಳಿದು ಬಂದು ಜೋಗ ನೋಡಿದೆ ಅನ್ನುವ ಹೆಮ್ಮೆ. ಮಗಳಿಗೆ ಅದು ಬೇಕಿತ್ತು, ಅವಳು ಇಡೀ ದಿನ ಮುಖ ಊದಿಸಿಕೊಂಡಿದ್ದಳು.

ಯಾವ ತಿಂಗಳು

ನೀರು ಜಾಸ್ತಿ ಇರುವಾಗ ರಸ್ತೆ ಚೆನ್ನಾಗಿರುವುದಿಲ್ಲ. ರಸ್ತೆ ಚೆನ್ನಾಗಿರುವಾಗ ನೀರಿರುವುದಿಲ್ಲ. ಜೋಗದ ಗೋಳೇ ಇದು.

ಕಾರಣ ಮೇಲಿರುವ ಲಿಂಗನಮಕ್ಕಿ. 1964ರಲ್ಲಿ ಕಟ್ಟಿದ ಅಣೆಕಟ್ಟು. ಶರಾವತಿ ಜಲಪಾತಕ್ಕೆ ಬರುವ ಮುಂಚೆಯೇ ಅಲ್ಲಿ ನಿಲ್ಲುತ್ತಾಳೆ. ಆ ನೀರಿನ ದೊಡ್ಡ ಪಾಲು ತಳಕಳಲೆ ಜಲಾಶಯದ ಕಡೆಗೆ ತಿರುಗಿ, ಅಲ್ಲಿಂದ ಕೊಳವೆಯಲ್ಲಿ ಇಳಿದು ಕರೆಂಟಾಗುತ್ತದೆ. 253 ಮೀಟರ್ ಎತ್ತರದಿಂದ ಬೀಳಬೇಕಾದ ಹೊಳೆ ಬೇಸಿಗೆಯಲ್ಲಿ ನಲ್ಲಿ ನೀರಿನ ಹಾಗೆ ಕಾಣುವುದು ಅದಕ್ಕೇ. ಮಳೆಗಾಲದಲ್ಲಿ ಸುತ್ತಲಿನ ಮಳೆಗೇ ಜಲಪಾತ ತುಂಬಿಕೊಳ್ಳುತ್ತದೆ. ಅಣೆಕಟ್ಟೆಯ ಗೇಟ್ ತೆಗೆದರಂತೂ ರಾಜ, ರಾಣಿ, ರೋರರ್, ರಾಕೆಟ್ ಯಾವುದು ಎಲ್ಲಿ ಅಂತ ಗುರುತೇ ಸಿಗುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಪೇಪರ್ ಬಂದ ಕೂಡಲೇ ಮೊದಲು ನೋಡುವುದು ಜಲಾಶಯದ ಮಟ್ಟ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಅದರ ಹತ್ತಿರ ಬಂತು ಅಂದರೆ ಎಲ್ಲರೂ ಜೋಗಕ್ಕೆ ಗಾಡಿ ತಿರುಗಿಸುತ್ತಾರೆ. ನೀವು ಸೈಕಲ್ ತಿರುಗಿಸಬೇಡಿ. ಅಂಥ ಭಾನುವಾರ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಜುಲೈಯಲ್ಲಿ ಇನ್ನೊಂದು ಕಷ್ಟ, ಮಂಜು. ಇಷ್ಟು ದೂರ ತುಳಿದು ಬಂದು ಬೇಲಿಗೆ ಒರಗಿ ನಿಂತರೆ ಎದುರಿಗೆ ಬೆಳ್ಳಗೆ ಗೋಡೆ. ಕಾಯಬೇಕು. ಹತ್ತು ನಿಮಿಷಕ್ಕೂ ಸರಿಯಬಹುದು, ಎರಡು ಗಂಟೆಯೂ ಆಗಬಹುದು.

ಉಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ಮಾತೂ ಹೇಳಿಬಿಡುತ್ತೇನೆ. ಟಾರ್ ರಸ್ತೆ ಮೇಲೆ ಇರುವವರೆಗೂ ಭಯ ಇಲ್ಲ. ಉಚ್ಚೆಗೆ ಅಂತ ಮಕ್ಕಳು ಹುಲ್ಲಿಗೆ ಇಳಿದರೆ ಹತ್ತಿತು. ಮಗನ ಕಾಲುಚೀಲ ಕೆಂಪಾಗಿದ್ದು ನೋಡಿ ನಾನು ಕಿರುಚಿದೆ. ಅಮ್ಮ ಓಮ್ನಿಯಿಂದ ಇಳಿಯಲೂ ಇಲ್ಲ, "ಇಲ್ಲಿ ಬಾರೋ" ಅಂತ ಅವನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು, ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಒಂಚೂರು ಮುಟ್ಟಿಸಿದರು. ಉಂಬಳ ಉದುರಿತು. ಅದೇ ಬೆರಳಿನಿಂದ ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡರು. ಮಗಳು ಇವತ್ತಿಗೂ ಅದನ್ನು ಹೇಳಿ ಮುಖ ಕಿವಿಚುತ್ತಾಳೆ. ಅಜ್ಜಿ ಜೊತೆಗಿಲ್ಲದವರು ಒಂದು ಪೊಟ್ಟಣ ಉಪ್ಪು ಇಟ್ಟುಕೊಳ್ಳಿ.

ಎಲ್ಲ ನೋಡಿದರೆ ದಸರಾ ರಜೆಯೇ ಸರಿ. ಮಳೆ ಹಿಂದೆ ಬಿದ್ದಿರುತ್ತದೆ, ಜಲಪಾತದಲ್ಲಿ ಇನ್ನೂ ಜೀವ ಇರುತ್ತದೆ, ಮಕ್ಕಳಿಗೆ ಶಾಲೆ ಇಲ್ಲ. ಆಯುಧಪೂಜೆ, ವಿಜಯದಶಮಿ ಬಿಟ್ಟು, ಭಾನುವಾರ ಬಿಟ್ಟು, ವಾರದ ಮಧ್ಯೆ ಒಂದು ದಿನ ಹಿಡಿಯಿರಿ. ದೊಡ್ಡವರು ಒಂದು ದಿನ ರಜಾ ಹಾಕಬೇಕು, ಹಾಕಿ.

ಯಾವ ಸೈಕಲ್ಲು

ಗೇರ್ ಇರುವುದೋ ಇಲ್ಲದ್ದೋ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ಕೇಳುವುದು ಬ್ರೇಕ್ ಹೇಗಿದೆ ಅಂತ. ಗೇರಿಲ್ಲದಿದ್ದರೆ ಚಡಾವಿನಲ್ಲಿ ಇಳಿದು ತಳ್ಳಬಹುದು. ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಏನು ಮಾಡುತ್ತೀರಿ? ಅದರಲ್ಲೂ ರಿಮ್ಮಿಗೆ ಒತ್ತುವ ರಬ್ಬರ್ ಬ್ರೇಕು ಒದ್ದೆಯಾದಾಗ ಹಿಡಿದ ಕೂಡಲೇ ಹಿಡಿಯುವುದಿಲ್ಲ. ಮೊದಲು ಸುಯ್ ಅಂತ ಸದ್ದು ಬರುತ್ತದೆ, ರಬ್ಬರ್ ರಿಮ್ಮಿನ ನೀರು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಅಷ್ಟರಲ್ಲಿ ಸೈಕಲ್ ಹತ್ತು ಮಾರು ಮುಂದೆ ಹೋಗಿರುತ್ತದೆ. ಇಳಿಜಾರು ಶುರುವಾಗುವ ಮುಂಚೆಯೇ ಎರಡು ಸಲ ಬ್ರೇಕ್ ಮುಟ್ಟಿ ನೀರು ಒರೆಸಿಕೊಳ್ಳಲು ಮಕ್ಕಳಿಗೆ ಹೇಳಿಕೊಡಿ. ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಬೇಕು, ಮುಂದಿನದೊಂದನ್ನೇ ಒತ್ತಿದರೆ ತಲೆ ಕೆಳಗಾಗಿ ಬೀಳುತ್ತಾರೆ. ರಬ್ಬರ್ ಸವೆದು ಅದರ ಮೇಲಿನ ಗೀರು ಮಾಯವಾಗಿದ್ದರೆ ಹೊಸದು ಹಾಕಿಸಿ.

ಬಾಡಿಗೆ ಸೈಕಲ್ಲಿನ ಬಗ್ಗೆ ನನಗೆ ಸಿಟ್ಟಿದೆ. ಮೊದಲ ಸಲ ನಮ್ಮೆಜಮಾನರಿಗೆ ಅಂತ ಒಂದು ಗೇರ್ ಸೈಕಲ್ ಬಾಡಿಗೆಗೆ ತಂದೆವು, ಎಲ್ಲಿಂದ ಅಂತ ಹೇಳುವುದಿಲ್ಲ. ನೋಡಲು ಮದುಮಗನ ಹಾಗೆ ಫಳಫಳ. ಚಡಾವು ಬಂದು ಗೇರ್ ಇಳಿಸಿದ ಕೂಡಲೇ ಚೈನ್ ಕಳಚುತ್ತಿತ್ತು. ದಾರಿಯಲ್ಲಿ ಏಳು ಸಲ ಕಳಚಿತು. ಜೋಗ ಮುಟ್ಟುವಾಗ ಅವರ ಬಿಳಿ ಅಂಗಿ ಗ್ರೀಸಿನ ಅಂಗಡಿ ಆಗಿತ್ತು. ನಮ್ಮ ಮನೆಯ ಹಳೇ ಲೇಡೀಸ್ ಸೈಕಲ್ಲು, ಮುಂದೆ ಬುಟ್ಟಿ ಇರುವಂಥದ್ದು, ಏನೂ ತಕರಾರು ಮಾಡಲಿಲ್ಲ. ದಿನಾ ಓಡಿಸುವ, ಗುಣ ಗೊತ್ತಿರುವ ಸೈಕಲ್ಲೇ ವಾಸಿ. ಬಾಡಿಗೆಗೇ ತರಬೇಕಾದರೆ ಹಿಂದಿನ ದಿನ ತಂದು, ಮನೆ ಹತ್ತಿರದ ಯಾವುದಾದರೂ ಏರಿನಲ್ಲಿ ಗೇರ್ ಹಾಕಿ ನೋಡಿ.

ಆರು ವರ್ಷದ ಒಳಗಿನವರನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಳ್ಳುವುದಾದರೆ ಕಾಲು ಗಾಲಿಯ ಕಡ್ಡಿಗೆ ಸಿಗದ ಹಾಗೆ ಎರಡೂ ಕಡೆ ಜಾಲರಿ ಹಾಕಿಸಿ, ಇಲ್ಲವೇ ಬೆಲ್ಟ್ ಇರುವ ಸೀಟ್ ಕೂರಿಸಿ. ನಿದ್ದೆ ಬಂದ ಮಗು ಒಂದು ಕಡೆ ವಾಲುತ್ತದೆ. ಅದು ವಾಲಿದ ಕಡೆಗೇ ಸೈಕಲ್ಲೂ ವಾಲುತ್ತದೆ.

ಜೋಗಕ್ಕೆ ಹೋದ ಮೇಲೆ

ಕೆಳಗೆ ಇಳಿಯಲು ಸುಮಾರು 1400 ಮೆಟ್ಟಿಲಿವೆ. ಮಳೆಗಾಲದಲ್ಲಿ ಬಿಡುವುದಿಲ್ಲ, ಬಿಟ್ಟಿರುವ ದಿನ ಹೋದರೂ ಸೈಕಲ್ ತುಳಿದ ಕಾಲಿಗೆ ಇದು ಬೇಡ. ಸೈಕಲ್ಲೋ ಮೆಟ್ಟಿಲೋ, ಒಂದನ್ನು ಆರಿಸಿಕೊಳ್ಳಿ. ಕಾರಲ್ಲಿ ಬಂದವರು ಮೆಟ್ಟಿಲು ಇಳಿಯಲಿ.

ಸೈಕಲ್ಲಿಗೆ ಒಂದು ಉದ್ದನೆ ಚೈನು, ಒಂದು ಬೀಗ ಸಾಕು, ನಾಲ್ಕನ್ನೂ ಒಟ್ಟಿಗೆ ಸೇರಿಸಿ ಕಟ್ಟಿ. ಬುಟ್ಟಿಯಲ್ಲಿ ತಿಂಡಿ ಬಿಟ್ಟು ಹೋಗಬೇಡಿ, ಮಂಗಗಳು ಕಾದಿರುತ್ತವೆ. ನಮ್ಮ ಚಿತ್ರಾನ್ನದ ಡಬ್ಬಿ ಮುಚ್ಚಳ ತೆಗೆಯಲು ಮಗಳಿಗೆ ಆಗುತ್ತಿರಲಿಲ್ಲ, ಮಂಗ ಒಂದೇ ಏಟಿಗೆ ತೆಗೆಯಿತು. ಉಪ್ಪು ಖಾರ ಹಚ್ಚಿದ ಅನಾನಸ್ ಮಾತ್ರ ತಪ್ಪದೆ ತಿನ್ನಿ. ಬೆವರು ಸುರಿಸಿ ಬಂದವರಿಗೆ ಅದರ ರುಚಿಯೇ ಬೇರೆ.

ಈಚಿನ ವರ್ಷಗಳಲ್ಲಿ ಜೋಗದಲ್ಲಿ ಕಾಮಗಾರಿ ನಡೆಯುತ್ತಲೇ ಇದೆ. ಹೊರಡುವ ಹಿಂದಿನ ದಿನ ಆ ಕಡೆ ಗುರುತಿನವರಿದ್ದರೆ ಒಂದು ಫೋನ್ ಮಾಡಿ, ಗೇಟ್ ಎಲ್ಲಿಂದ, ಎಷ್ಟು ಹೊತ್ತಿಗೆ ಅಂತ ಕೇಳಿಕೊಳ್ಳಿ.

ಈ ವರ್ಷ ಮಗನಿಗೆ 24 ಇಂಚಿನ ಗೇರ್ ಸೈಕಲ್ ಬಂದಿದೆ. ಸಾಗರದಿಂದಲೇ ಹೋಗಬೇಕು, ಹೋಗಿ ತುಳಿದೇ ಬರಬೇಕು, ಮಾವನ ಓಮ್ನಿ ಬೇಡ ಅಂತ ಹಟ. ಹೋದ ಭಾನುವಾರ ಸಕ್ರೆಬೈಲಿಗೆ ಕರೆದುಕೊಂಡು ಹೋಗಿದ್ದೆವು. ಹೋಗುವಾಗ ಎಲ್ಲೂ ನಿಲ್ಲಲಿಲ್ಲ. ಬರುವಾಗ ಎಳನೀರಿಗೆ ಅಂತ ಒಂದು ಸಲ, ಶೂ ಲೇಸ್ ಕಟ್ಟಬೇಕು ಅಂತ ಒಂದು ಸಲ ನಿಂತ. ಅವನ ಶೂಗೆ ಲೇಸ್ ಇಲ್ಲ. ಸಾಗರದ ಮಾತು ಇನ್ನೊಂದು ತಿಂಗಳು ಬಿಟ್ಟು ನೋಡೋಣ ಅಂದಿದ್ದೇನೆ. ತಮ್ಮನಿಗೆ ಮಾತ್ರ ಓಮ್ನಿ ಸರ್ವಿಸ್ ಮಾಡಿಸಿ ಇಡು ಅಂತ ಹೇಳಿಟ್ಟಿದ್ದೇನೆ.